ಡೀಸೆಲ್ ಮುಳ್ಳು ಅರ್ಧಕ್ಕೆ ಬಂದಾಗಲೇ ಬಂಕಿಗೆ ಹೋಗಿ

ನಮಸ್ಕಾರ ಸರ್. 70 ಲೀಟರ್ ಟ್ಯಾಂಕ್, ಹೈವೇಯಲ್ಲಿ ಲೀಟರಿಗೆ 9 ಕಿ.ಮೀ. ಕೊಡುವ ಡೀಸೆಲ್ ಮೋಟಾರ್‌ಹೋಮ್, ಅಂದರೆ ಒಳಗೇ ಉಳಿದುಕೊಳ್ಳುವ ಮನೆಯಂಥ ಗಾಡಿ ನಿಮ್ಮದು. ಶಿವಮೊಗ್ಗದಿಂದ ಆಗುಂಬೆ, ಶೃಂಗೇರಿ, ಕುದುರೆಮುಖ ಸುತ್ತಿ ಬರಲು ಒಂದೇ ಫುಲ್ ಟ್ಯಾಂಕ್ ಸಾಕಾ ಅಂತ ಕೇಳಿದ್ದೀರಿ.

ಲೆಕ್ಕಕ್ಕೆ 630 ಕಿ.ಮೀ. ಬರುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. ತೀರ್ಥಹಳ್ಳಿ ದಾಟಿದ ಮೇಲೆ ಏರು, ತಿರುವು ಜಾಸ್ತಿ, ಗೇರ್ ಇಳಿಸುತ್ತಲೇ ಇರಬೇಕು. 100 ಲೀಟರ್ ನೀರು ತುಂಬಿಸಿದ್ದರೆ 100 ಕೆ.ಜಿ. ಭಾರ ಬೇರೆ. ನಾನಾದರೆ ಲೀಟರಿಗೆ 6 ಕಿ.ಮೀ. ಹಿಡಿದು, ಉಳಿದದ್ದನ್ನು ಮೀಸಲು ಬಿಟ್ಟು 50 ಲೀಟರ್ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತೇನೆ. ಅಂದರೆ 300 ಕಿ.ಮೀ. ಅಷ್ಟೇ. ಜನರೇಟರ್ ಅದೇ ಟ್ಯಾಂಕಿನಿಂದ ಕುಡಿಯುತ್ತಿದ್ದರೆ ಇನ್ನೂ ಕಡಿಮೆ. ರಾತ್ರಿಯಿಡೀ ಎಸಿ ಹಾಕಿದರೆ ಬೆಳಿಗ್ಗೆ ಮುಳ್ಳು ನೋಡಿಯೇ ಹೊರಡಿ.

ಏರಿನಲ್ಲಿ ಮುಳ್ಳನ್ನು ಓದಬೇಡಿ. ಟ್ಯಾಂಕಿನಲ್ಲಿ ಡೀಸೆಲ್ ಒಂದು ಕಡೆಗೆ ವಾಲುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿ. ತೀರ್ಥಹಳ್ಳಿಯಲ್ಲಿ ಒಮ್ಮೆ, ಶೃಂಗೇರಿಯಲ್ಲಿ ಮತ್ತೊಮ್ಮೆ ತುಂಬಿಸಿಬಿಡಿ. ಮುಂದೆ ಕಾಡು, ಮೊಬೈಲ್ ಸಿಗ್ನಲ್ಲೂ ಎಲ್ಲ ಕಡೆ ಸಿಗಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಟ್ಯಾಂಕ್ ಪೂರ್ತಿ ಖಾಲಿಯಾಗಿ ನಿಂತರೆ, ಪೆಟ್ರೋಲ್ ಗಾಡಿಯ ಹಾಗೆ ಕ್ಯಾನಿನಿಂದ ಹಾಕಿದ ಕೂಡಲೇ ಎಷ್ಟೋ ಡೀಸೆಲ್ ಗಾಡಿಗಳು ಸ್ಟಾರ್ಟ್ ಆಗುವುದಿಲ್ಲ. ಪೈಪಿಗೆ ಗಾಳಿ ಹೊಕ್ಕಿರುತ್ತದೆ. ಅದನ್ನು ತೆಗೆಯಬೇಕು, ಸುಮ್ನೆ ಸೆಲ್ಫ್ ಹೊಡೆಯುತ್ತಾ ಹೋದರೆ ಬ್ಯಾಟರಿ ಇಳಿಯುತ್ತದೆ. ಕಾಮನ್ ರೈಲ್ ಇಂಜಿನ್ನಿನಲ್ಲಿ (ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಚಿಮ್ಮಿಸುವ ಇಂಜಿನ್) ಪಂಪಿನ ಭಾಗಗಳು ಸವೆಯದಂತೆ ಕಾಯುವ ಎಣ್ಣೆಯೂ ಡೀಸೆಲ್ಲೇ. ಒಣಗಿ ಓಡಿದರೆ ಸವೆಯುತ್ತದೆ, ರಿಪೇರಿ ಖರ್ಚು ದೊಡ್ಡದು.

ಪೈಪಿನ ಗಾಳಿ ತೆಗೆಯುವ ಕೈಪಂಪ್ ನಿಮ್ಮ ಗಾಡಿಯಲ್ಲಿ ಇದೆಯಾ, ಇದ್ದರೆ ಎಲ್ಲಿದೆ ಅಂತ ಹೊರಡುವ ಮುಂಚೆಯೇ ಮೆಕ್ಯಾನಿಕ್ ಹತ್ತಿರ ಕೇಳಿ ತೋರಿಸಿಕೊಳ್ಳಿ.