ನೆಸ್ಟಾ, ಎಕೋಬೀನಾ ಅಂತ ಕೇಳುವ ಮುಂಚೆ ಗೋಡೆ ಹಿಂದಿನ ವೈರ್ ನೋಡಿ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಡೆಟ್ರಾಯಿಟ್ ಹತ್ತಿರ ಎಪ್ಪತ್ತರ ದಶಕದ ಎರಡಂತಸ್ತಿನ ಮನೆ ಕೊಂಡಿದ್ದೀರಿ. ಬೇಸ್‌ಮೆಂಟಿನಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್, ಹೊರಗೆ ಎಸಿ, ಹಾಲ್ ಗೋಡೆ ಮೇಲೆ ದುಂಡನೆಯ ಹಳೇ ಹನಿವೆಲ್ ಥರ್ಮೋಸ್ಟಾಟ್. ಅದನ್ನು ತೆಗೆದು ಫೋನಿನಿಂದಲೂ ನಡೆಸಬಹುದಾದ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಬೇಕು. ಗೂಗಲ್‌ನ ನೆಸ್ಟ್ ಒಳ್ಳೆಯದಾ ಎಕೋಬೀ ಕಂಪನಿಯದು ಒಳ್ಳೆಯದಾ, ನಾವೇ ಹಾಕಿಕೊಳ್ಳಬಹುದಾ, ದುಡ್ಡು ಉಳಿಯುತ್ತಾ, ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಹೀಟಿಂಗ್ ಆಫ್ ಮಾಡಬಹುದಾ, ಇಷ್ಟು ಕೇಳಿದ್ದೀರಿ.

ಆಫ್ ಮಾತ್ರ ಮಾಡಬೇಡಿ. ವಿವರ ಆಮೇಲೆ ಹೇಳುತ್ತೇನೆ.

ನಾನು ಈ ಕೆಲಸದವನಲ್ಲ, ಇಲ್ಲಿನ ಹೆಚ್ಚಿನವರ ಹಾಗೆ ಸಾಫ್ಟ್‌ವೇರ್‌ನವನೇ. ಆದರೆ ಮಿಶಿಗನ್ ಚಳಿಯಲ್ಲಿ ತುಂಬಾ ವರ್ಷ ಕಳೆದಿದ್ದೇನೆ. ನಮ್ಮ ಮನೆಗೆ ಹಾಕಿದ ಮೇಲೆ ಸ್ನೇಹಿತರ ಮನೆಗಳಿಗೂ ಸ್ಕ್ರೂಡ್ರೈವರ್ ಹಿಡಿದು ಹೋಗಿದ್ದೇನೆ. ಎಲ್ಲರೂ ಶುರು ಮಾಡುವುದು ಬ್ರ್ಯಾಂಡ್‌ನಿಂದ. ಬ್ರ್ಯಾಂಡ್ ಕೊನೆಗೆ ನೋಡಿದರೆ ಸಾಕು. ಮೊದಲು ನೋಡಬೇಕಾದ್ದು ಆ ದುಂಡು ಡಬ್ಬಿಯ ಹಿಂದೆ ಎಷ್ಟು ವೈರ್ ಇದೆ ಅನ್ನುವುದನ್ನು.

ಥರ್ಮೋಸ್ಟಾಟ್ ಅಂದರೆ ಒಂದು ಸ್ವಿಚ್, ಅಷ್ಟೇ. ಫರ್ನೇಸ್ ಒಳಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮನೆಯ 120 ವೋಲ್ಟನ್ನು ಅದು 24 ವೋಲ್ಟಿಗೆ ಇಳಿಸುತ್ತದೆ. ಆ 24 ವೋಲ್ಟ್ 'ಆರ್' ಅನ್ನುವ ವೈರಿನಲ್ಲಿ ಗೋಡೆಯವರೆಗೆ ಬರುತ್ತದೆ. ಥರ್ಮೋಸ್ಟಾಟ್ ಆರ್ ಅನ್ನು 'ಡಬ್ಲ್ಯೂ'ಗೆ ಸೇರಿಸಿದರೆ ಫರ್ನೇಸ್ ಹತ್ತಿಕೊಳ್ಳುತ್ತದೆ, 'ವೈ'ಗೆ ಸೇರಿಸಿದರೆ ಎಸಿ, 'ಜಿ'ಗೆ ಸೇರಿಸಿದರೆ ಬರೀ ಫ್ಯಾನ್. ನಿಮ್ಮ ಹಳೇದರಲ್ಲಿ ಈ ಕೆಲಸ ಮಾಡುವುದು ಪಾದರಸ. ಮುಚ್ಚಳ ಮೆಲ್ಲಗೆ ಎಳೆದು ನೋಡಿ. ಸುರುಳಿ ಸುತ್ತಿದ ಲೋಹದ ಪಟ್ಟಿ, ಅದರ ತುದಿಯಲ್ಲಿ ಬೆರಳ ತುದಿಯಷ್ಟು ಗಾಜಿನ ಬುರುಡೆ, ಒಳಗೆ ಬೆಳ್ಳಗೆ ಹೊಳೆಯುವ ಒಂದು ಗುಂಡು. ಡಯಲ್ ತಿರುಗಿಸಿದರೆ ಬುರುಡೆ ವಾಲುತ್ತದೆ, ಪಾದರಸ ಒಂದು ಕಡೆಗೆ ಜಾರಿ ಎರಡು ತಂತಿಗಳನ್ನು ಸೇರಿಸುತ್ತದೆ. ಕೆಳಗೆ ಬೇಸ್‌ಮೆಂಟಿನಲ್ಲಿ ಫರ್ನೇಸ್ ಶುರುವಾಗುತ್ತದೆ. ಹೆನ್ರಿ ಡ್ರೇಫಸ್ ರೂಪಿಸಿದ ಈ ದುಂಡು ಮಾಡೆಲ್ ಮಾರುಕಟ್ಟೆಗೆ ಬಂದಿದ್ದು 1953ರಲ್ಲಿ. ನಿಜ ಹೇಳಬೇಕೆಂದರೆ ಇದನ್ನು ತೆಗೆಯುವಾಗ ನನಗೆ ಪ್ರತಿ ಸಲವೂ ಸ್ವಲ್ಪ ಬೇಜಾರಾಗುತ್ತದೆ. ತೆಗೆದ ಮೇಲೆ ಕಸದ ಬುಟ್ಟಿಗೆ ಹಾಕಬೇಡಿ. ಪಾದರಸ ವಿಷ. ನಿಮ್ಮ ಕೌಂಟಿಯವರು ಬಣ್ಣ, ಬ್ಯಾಟರಿ ತೆಗೆದುಕೊಳ್ಳುವ ಕಡೆ ಇದನ್ನೂ ಕೇಳಿ ಕೊಡಿ.

ಈ ಹಳೇ ಸ್ವಿಚ್ಚಿಗೆ ತನಗೇ ಅಂತ ಕರೆಂಟ್ ಬೇಕಿರಲಿಲ್ಲ. ಹೊಸದಕ್ಕೆ ಬೇಕು. ಸ್ಕ್ರೀನ್ ಇದೆ, ವೈಫೈ ಇದೆ, ಇಪ್ಪತ್ನಾಲ್ಕು ಗಂಟೆಯೂ ಎಚ್ಚರವಾಗಿರಬೇಕು. ಆರ್‌ನಲ್ಲಿ ಬಂದ ಕರೆಂಟ್ ವಾಪಸ್ ಹೋಗುವುದಕ್ಕೆ ಒಂದು ದಾರಿ ಬೇಕಲ್ವಾ, ಅದೇ 'ಸಿ' ವೈರ್. ಹಳೇ ಮನೆಗಳಲ್ಲಿ ಆರ್, ಡಬ್ಲ್ಯೂ, ವೈ, ಜಿ ನಾಲ್ಕೇ ಇರುತ್ತವೆ, ಸಿ ಇರುವುದಿಲ್ಲ. ತಲೆನೋವೆಲ್ಲ ಇಲ್ಲೇ.

ಸಿ ಇಲ್ಲದೆಯೂ ನಡೆಯುತ್ತದೆ ಅಂತ ಕೆಲವು ಕಂಪನಿಗಳು ಹೇಳುತ್ತವೆ. ಅದು ಸುಳ್ಳಲ್ಲ. ಫರ್ನೇಸ್ ಅಥವಾ ಎಸಿಯ ವೈರಿನ ಮೂಲಕವೇ ಚೂರು ಚೂರು ಕರೆಂಟ್ ಎಳೆದುಕೊಂಡು ಒಳಗಿನ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತವೆ. ಕೆಲವು ಮನೆಗಳಲ್ಲಿ ಯಾವ ತೊಂದರೆಯೂ ಆಗುವುದಿಲ್ಲ. ಕೆಲವು ಕಡೆ ಫರ್ನೇಸ್ ಒಳಗಿನ ಸಣ್ಣ ಸ್ವಿಚ್, ಅಂದರೆ ರಿಲೇ, ಟಿಕ್ ಟಿಕ್ ಅನ್ನತೊಡಗುತ್ತದೆ, ಇಲ್ಲವೇ ಬ್ಯಾಟರಿ ಇಳಿದು ಸ್ಕ್ರೀನ್ ಕಪ್ಪಾಗುತ್ತದೆ. ಹಾಗೆ ಕಪ್ಪಾದರೆ ಫರ್ನೇಸಿಗೆ ಹೇಳುವವರು ಯಾರೂ ಇಲ್ಲ. ಜನವರಿಯ ರಾತ್ರಿ ಆ ಪಜೀತಿ ಯಾಕೆ ಬೇಕು? ಸಿ ವೈರ್ ಇರಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ನಿಮಗೆ ಅದೃಷ್ಟ ಇದ್ದರೆ ವೈರ್ ಈಗಾಗಲೇ ಇರುತ್ತದೆ. ಡಬ್ಬಿ ತೆಗೆದಾಗ ಗೋಡೆಯ ತೂತಿನೊಳಗೆ ಟಾರ್ಚ್ ಬಿಡಿ. ಕೇಬಲ್ ತಂದವರು ಐದು ಎಳೆಯದು ತಂದು ನಾಲ್ಕನ್ನೇ ಬಳಸಿ, ಐದನೆಯದನ್ನು ಕೇಬಲ್ಲಿಗೇ ಸುತ್ತಿ ಬಿಟ್ಟಿರುತ್ತಾರೆ. ಹೆಚ್ಚಾಗಿ ನೀಲಿ ಬಣ್ಣದ್ದು. ಅದು ಸಿಕ್ಕಿತು ಅಂತ ಕುಣಿದಾಡುವ ಮುಂಚೆ ಕೆಳಗೆ ಹೋಗಿ. ಆ ವೈರಿನ ಇನ್ನೊಂದು ತುದಿ ಫರ್ನೇಸ್ ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಸಿ ಅಂತ ಬರೆದ ಸ್ಕ್ರೂಗೆ ಸೇರಿದ್ದರೆ ಮಾತ್ರ ಅದು ಸಿ. ಅಲ್ಲೂ ಸುಮ್ನೆ ನೇತಾಡುತ್ತಿದ್ದರೆ ನೀವೇ ಸೇರಿಸಬೇಕು. ಸಿ ಸ್ಕ್ರೂನಲ್ಲಿ ಆಗಲೇ ಒಂದು ವೈರ್ ಇರುತ್ತದೆ, ಅದು ಹೊರಗಿನ ಎಸಿಗೆ ಹೋಗಿದ್ದು. ಅದನ್ನು ತೆಗೆಯಬೇಡಿ, ಅದರ ಜೊತೆಗೇ ಇದನ್ನೂ ಸಿಕ್ಕಿಸಿ. ಬಣ್ಣ ನಂಬಬೇಡಿ, ಯಾವ ಅಕ್ಷರಕ್ಕೆ ಸೇರಿದೆ ಅನ್ನುವುದನ್ನೇ ನಂಬಿ.

ಐದನೇ ಎಳೆಯೇ ಇಲ್ಲದಿದ್ದರೆ? ಹಳೇ ಕೇಬಲ್ಲಿಗೆ ಹೊಸದನ್ನು ಕಟ್ಟಿ ಎಳೆಯಿರಿ ಅಂತ ವಿಡಿಯೊಗಳಲ್ಲಿ ತೋರಿಸುತ್ತಾರೆ. ನಿಮ್ಮಂಥ ಮನೆಯಲ್ಲಿ ಅದನ್ನು ಗೋಡೆಯೊಳಗೆ ಮರಕ್ಕೆ ಸ್ಟೇಪಲ್ ಹೊಡೆದಿರುವುದೇ ಹೆಚ್ಚು, ಜಗ್ಗಿದರೂ ಬರುವುದಿಲ್ಲ. ಎಕೋಬೀಯ ಹಲವು ಮಾಡೆಲ್‌ಗಳ ಜೊತೆ ಒಂದು ಸಣ್ಣ ಅಡಾಪ್ಟರ್ ಬರುತ್ತದೆ. ಅದನ್ನು ಫರ್ನೇಸ್ ಬೋರ್ಡಿನ ಹತ್ತಿರ ಸೇರಿಸಿದರೆ ಇರುವ ನಾಲ್ಕು ವೈರಿನಲ್ಲೇ ಐದರ ಕೆಲಸ ಆಗುತ್ತದೆ. ನಿಮ್ಮ ಮನೆಗೆ ನಾನು ಎಕೋಬೀ ಕಡೆ ವಾಲುವುದಕ್ಕೆ ಇದೇ ಮುಖ್ಯ ಕಾರಣ. ಇನ್ನೊಂದು ದಾರಿ ಜಿ ವೈರನ್ನು ಸಿ ಮಾಡಿಕೊಳ್ಳುವುದು. ಆಗ ಫರ್ನೇಸ್ ಬೋರ್ಡಿನಲ್ಲಿ ವೈ ಮತ್ತು ಜಿ ನಡುವೆ ಒಂದು ತುಂಡು ವೈರ್ ಹಾಕಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಎಸಿ ಓಡುವಾಗ ಫ್ಯಾನ್ ತಿರುಗುವುದಿಲ್ಲ. ಬರೀ ಫ್ಯಾನ್ ಹಾಕಿಕೊಳ್ಳುವ ಸೌಕರ್ಯ ಹೋಗುತ್ತದೆ, ಅಷ್ಟೇ ನಷ್ಟ.

ಕೆಲವು ಮನೆಗಳಲ್ಲಿ ಕೈ ಹಾಕದೇ ಇರುವುದೇ ಒಳ್ಳೆಯದು. ಡಬ್ಬಿ ತೆಗೆದಾಗ ದಪ್ಪ ದಪ್ಪ ವೈರ್‌ಗಳು, ಅವುಗಳ ತುದಿಗೆ ಪ್ಲಾಸ್ಟಿಕ್ ಟೋಪಿ ಕಂಡರೆ ಅದು 120 ಅಥವಾ 240 ವೋಲ್ಟ್, ಗೋಡೆ ಬುಡದ ಎಲೆಕ್ಟ್ರಿಕ್ ಹೀಟರಿನದು. ಮುಚ್ಚಿಟ್ಟು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಅಂಥವಕ್ಕೆ ಮೈಸಾ ತರಹದ ಬೇರೆ ಥರ್ಮೋಸ್ಟಾಟೇ ಇದೆ. ಹೀಟ್ ಪಂಪ್ (ಒಂದೇ ಯಂತ್ರ ಚಳಿಗಾಲಕ್ಕೆ ಬಿಸಿ, ಬೇಸಿಗೆಗೆ ತಂಪು ಕೊಡುವಂಥದ್ದು) ಇದ್ದರೆ 'ಒ/ಬಿ' ಅಂತ ಇನ್ನೊಂದು ವೈರ್ ಇರುತ್ತದೆ. ಅದರ ಸೆಟ್ಟಿಂಗ್ ತಲೆಕೆಳಗಾದರೆ ಹೀಟ್ ಒತ್ತಿದಾಗ ತಣ್ಣನೆ ಗಾಳಿ ಬರುತ್ತದೆ. ನಿಮ್ಮದು ಗ್ಯಾಸ್ ಫರ್ನೇಸ್, ಬಿಡಿ.

ಈಗ ಬ್ರ್ಯಾಂಡ್. ನಿಮ್ಮದು ಎರಡಂತಸ್ತಿನ ಮನೆ, ಥರ್ಮೋಸ್ಟಾಟ್ ಕೆಳಗಿನ ಹಾಲಿನಲ್ಲಿ. ಹಾಲ್ ಬೆಚ್ಚಗಾದ ತಕ್ಷಣ ಫರ್ನೇಸ್ ನಿಲ್ಲುತ್ತದೆ, ಮೂಲೆಯ ಬೆಡ್‌ರೂಮಿನಲ್ಲಿ ಮಗು ಕಾಲು ಮುದುಡಿಕೊಂಡು ಮಲಗಿರುತ್ತದೆ. ಇದಕ್ಕೆ ಬೇರೆ ರೂಮಿನಲ್ಲಿಡುವ ಸೆನ್ಸರ್ ಬೇಕು. ರಾತ್ರಿ ಬೆಡ್‌ರೂಮಿನ ಸೆನ್ಸರ್ ಮಾತು ಕೇಳು, ಹಗಲು ಹಾಲಿನದು ಕೇಳು ಅಂತ ಹೇಳಬಹುದು. ಎಕೋಬೀ, ನೆಸ್ಟ್ ಎರಡಕ್ಕೂ ಸಿಗುತ್ತವೆ. ನೆಸ್ಟ್ ನೋಡಲು ಚಂದ, ಬಳಸಲು ಸಲೀಸು. ಆದರೆ ಹಳೇ ನೆಸ್ಟ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರ ಹತ್ತಿರವೂ ಕೊಳ್ಳಬೇಡಿ. 2011 ಮತ್ತು 2012ರ ಮಾಡೆಲ್‌ಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಿಂದ ಸಪೋರ್ಟ್ ನಿಲ್ಲಿಸಿದೆ. ಗೋಡೆ ಮೇಲೆ ಕೈಯಲ್ಲಿ ತಿರುಗಿಸಿದರೆ ಕೆಲಸ ಮಾಡುತ್ತವೆ, ಫೋನಿನಿಂದ ಆಗುವುದಿಲ್ಲ. ನಿಮ್ಮ ದುಂಡು ಹನಿವೆಲ್ ಇಷ್ಟು ವರ್ಷ ಯಾರ ಸಪೋರ್ಟೂ ಇಲ್ಲದೆ ನಡೆದಿದೆ, ಅದು ಬೇರೆ ಮಾತು. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಅಮೆಜಾನ್‌ನದ್ದು ಸಾಕು, ಸಿ ವೈರ್ ಮಾತ್ರ ಇರಲೇಬೇಕು. ಯಾವುದನ್ನೇ ತೆಗೆದುಕೊಳ್ಳಿ, ಕೊಳ್ಳುವ ಮುಂಚೆ ನಿಮ್ಮ ಗ್ಯಾಸ್, ಕರೆಂಟ್ ಕಂಪನಿಗಳ ವೆಬ್‌ಸೈಟಿನಲ್ಲಿ ರಿಬೇಟ್ ಇದೆಯಾ ನೋಡಿ. ಷರತ್ತು ಓದಿ. ಬೇಸಿಗೆಯ ಸುಡುಬಿಸಿಲಿನ ದಿನ ನಿಮ್ಮ ಎಸಿಯನ್ನು ಅವರೇ ಸ್ವಲ್ಪ ಹೊತ್ತು ಕಡಿಮೆ ಮಾಡಬಹುದು ಅಂತ ಕೆಲವು ಸ್ಕೀಮುಗಳಲ್ಲಿ ಇರುತ್ತದೆ.

ಹಾಕುವುದು ಕಷ್ಟವಲ್ಲ. ಮೊದಲು ಫರ್ನೇಸ್ ಪಕ್ಕದ ಸ್ವಿಚ್ ಆಫ್ ಮಾಡಿ. ಹಳೇದರ ವೈರ್‌ಗಳ ಫೋಟೊ ತೆಗೆಯಿರಿ, ಪ್ರತಿ ವೈರಿಗೂ ಅಕ್ಷರದ ಚೀಟಿ ಅಂಟಿಸಿ. ಕೇಬಲ್ಲನ್ನು ಒಂದು ಪೆನ್ಸಿಲ್ಲಿಗೆ ಸುತ್ತಿಡಿ, ಇಲ್ಲದಿದ್ದರೆ ಗೋಡೆಯೊಳಗೆ ಜಾರಿ ಹೋಗುತ್ತದೆ. ಹೊಸದರ ಹಿಂದಿನ ತಟ್ಟೆಯನ್ನು ಗೋಡೆಗೆ ಕೂರಿಸುವ ಮುಂಚೆ ವೈರ್ ಬರುವ ತೂತನ್ನು ಪುಟ್ಟಿಯಿಂದ ಮುಚ್ಚಿ. ಇದನ್ನು ತುಂಬಾ ಜನ ಬಿಡುತ್ತಾರೆ. ಗೋಡೆಯೊಳಗಿನ ತಣ್ಣನೆ ಗಾಳಿ ಆ ತೂತಿನಿಂದ ನೇರವಾಗಿ ಥರ್ಮೋಸ್ಟಾಟಿನ ಬೆನ್ನಿಗೆ ಹೊಡೆಯುತ್ತದೆ. ಮನೆ ಬೆಚ್ಚಗಿದ್ದರೂ ಅದು ಚಳಿ ಅಂದುಕೊಂಡು ಫರ್ನೇಸ್ ಓಡಿಸುತ್ತಲೇ ಇರುತ್ತದೆ. ಉಲ್ಟಾನೂ ಆಗುತ್ತದೆ. ಥರ್ಮೋಸ್ಟಾಟಿನ ಕೆಳಗೇ ದೇವರ ಮಂಟಪ ಇಟ್ಟು ದೀಪ ಹಚ್ಚಿದರೆ ಅದಕ್ಕೆ ಮನೆಯೆಲ್ಲ ಸೆಖೆ ಅನ್ನಿಸುತ್ತದೆ.

ಕೆಲಸ ಮುಗಿಯುವವರೆಗೆ ಫರ್ನೇಸ್ ಆನ್ ಮಾಡಬೇಡಿ. ಕರೆಂಟ್ ಇದ್ದಾಗ ಆರ್ ಮತ್ತು ಸಿ ಒಂದಕ್ಕೊಂದು ತಾಗಿದರೆ ಬೋರ್ಡಿನ ಫ್ಯೂಸ್ ಹೋಗುತ್ತದೆ. ಕಾರಿನಲ್ಲಿರುವಂಥ ಪುಟ್ಟ ಫ್ಯೂಸ್ ಅದು, 3 ಅಥವಾ 5 ಆಂಪ್ ಅಂತ ಅದರ ಮೇಲೇ ಬರೆದಿರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಗಾಬರಿ ಬೇಡ. ಎಲ್ಲ ಸೇರಿಸಿ ಆನ್ ಮಾಡಿದರೂ ಸ್ಕ್ರೀನ್ ಬರಲಿಲ್ಲವಾ? ಫ್ಯೂಸ್ ನೋಡುವ ಮುಂಚೆ ಫರ್ನೇಸ್ ಬಾಗಿಲು ಸರಿಯಾಗಿ ಕೂತಿದೆಯಾ ನೋಡಿ. ಬಾಗಿಲ ಹಿಂದೆ ಒಂದು ಸೇಫ್ಟಿ ಸ್ವಿಚ್ ಇರುತ್ತದೆ. ಬಾಗಿಲು ಅದನ್ನು ಒತ್ತದಿದ್ದರೆ ಇಡೀ ಫರ್ನೇಸಿಗೇ ಕರೆಂಟಿಲ್ಲ.

ದುಡ್ಡಿನ ವಿಷಯ. ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯ ಲೆಕ್ಕದಲ್ಲಿ ಹೀಟಿಂಗ್, ಕೂಲಿಂಗ್ ಖರ್ಚಿನಲ್ಲಿ ಸರಾಸರಿ ಶೇ. 8ರಷ್ಟು ಉಳಿತಾಯ. ಅಂದರೆ ಜನವರಿಯ ಹೀಟಿಂಗ್ ಖರ್ಚು 150 ಡಾಲರ್ ಬಂದರೆ 12 ಡಾಲರ್. ಅದೂ ಹಗಲು ಮನೆ ಖಾಲಿ ಇರುವವರಿಗೆ ಜಾಸ್ತಿ. ಒಬ್ಬರು ಮನೆಯಿಂದಲೇ ಕೆಲಸ, ಜೊತೆಗೆ ಪುಟ್ಟ ಮಗು ಅಂದರೆ ಇಡೀ ದಿನ 70 ಡಿಗ್ರಿ ಫ್ಯಾರನ್‌ಹೀಟ್ ಇರಲೇಬೇಕು. ಆಗ ಯಾವ ಕಂಪನಿಯದ್ದಾದರೂ ಏನು ಉಳಿಸೀತು? ಉಳಿತಾಯ ಬರುವುದು ಇಳಿಸಿದಾಗ ಮಾತ್ರ. ಎದ್ದಿರುವಾಗ 68, ಅಂದರೆ 20 ಸೆಲ್ಸಿಯಸ್. ಮಲಗಿದಾಗ 62. ಈ ಎರಡು ಸಾಲಿನ ಟೈಮ್‌ಟೇಬಲ್ ಹಾಕಿ, ಆಮೇಲೆ ಅದರ ತಂಟೆಗೆ ಹೋಗಬೇಡಿ.

ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ ಈ ಟೈಮ್‌ಟೇಬಲ್ ಉಳಿಯುವುದಿಲ್ಲ, ಅದು ಬೇರೆ. ನಮ್ಮ ಮಾವ ಬೆಳಿಗ್ಗೆ ಎದ್ದವರೇ ಶಾಲು ಹೊದ್ದು, "ಏನಪ್ಪಾ ಇದು, ಫ್ರಿಜ್ ಒಳಗೆ ಇದ್ದ ಹಾಗಿದೆ" ಅಂತ 80ಕ್ಕೆ ಏರಿಸುತ್ತಿದ್ದರು. 80 ಇಟ್ಟರೆ ಬೇಗ ಬೆಚ್ಚಗಾಗುತ್ತದೆ ಅಂತ ಅವರ ಲೆಕ್ಕ. ಸಾಮಾನ್ಯ ಫರ್ನೇಸ್ 70 ಇಟ್ಟರೂ 80 ಇಟ್ಟರೂ ಅದೇ ವೇಗದಲ್ಲಿ ಉರಿಯುತ್ತದೆ, ನಿಲ್ಲುವುದು ಮಾತ್ರ ತಡ. ಇದನ್ನು ಅವರಿಗೆ ವಿವರಿಸಲು ಹೋಗಬೇಡಿ, ಪ್ರಯೋಜನವಿಲ್ಲ. ಎದ್ದೇಳುವ ಒಂದು ಗಂಟೆ ಮುಂಚೆ 72 ಆಗುವ ಹಾಗೆ ಇಟ್ಟುಬಿಡಿ. ಪಿನ್ ಹಾಕಿ ಲಾಕ್ ಮಾಡುವ ಸೌಲಭ್ಯವೂ ಇದೆ, ಆದರೆ ಹಿರಿಯರ ಮುಂದೆ ಅದು ಚೆನ್ನಾಗಿರುವುದಿಲ್ಲ.

ಅದಕ್ಕಿಂತ ಮುಖ್ಯ, ಅವರು ಇರುವಷ್ಟು ದಿನ 'ಅವೇ' ಅನ್ನುವುದನ್ನು ಆಫ್ ಮಾಡಿ. ನಿಮ್ಮಿಬ್ಬರ ಫೋನ್ ಮನೆಯಿಂದ ಹೊರಗೆ ಹೋದರೆ ಮನೆ ಖಾಲಿ ಅಂತ ಅದು ತಿಳಿದುಕೊಳ್ಳುತ್ತದೆ. ಅಮ್ಮನ ಫೋನಿನಲ್ಲಿ ಆ ಆ್ಯಪ್ ಇಲ್ಲ. ಮೇಲಿನ ರೂಮಿನಲ್ಲಿ ಮಧ್ಯಾಹ್ನ ಮಲಗಿರುತ್ತಾರೆ, ಹಾಲಿನಲ್ಲಿ ಓಡಾಟವೂ ಇಲ್ಲ. ಹೊರಗೆ ಹಿಮ, ಒಳಗೆ ಹೀಟ್ ತನ್ನಷ್ಟಕ್ಕೆ ಇಳಿದಿರುತ್ತದೆ. ಅವರೋ ನಿಮಗೆ ಫೋನ್ ಮಾಡಿ ತೊಂದರೆ ಕೊಡುವುದು ಯಾಕೆ ಅಂತ ಇನ್ನೊಂದು ಕಂಬಳಿ ಹೊದೆಯುತ್ತಾರೆ.

ಕೊನೆಗೆ ಊರಿಗೆ ಹೋಗುವ ವಿಷಯ. ಹೀಟಿಂಗ್ ಆಫ್ ಮಾಡಿದರೆ ಗೋಡೆಯೊಳಗಿನ ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದೆ, ಪೈಪ್ ಒಡೆಯುತ್ತದೆ, ಕರಗಿದಾಗ ಮನೆಯೆಲ್ಲ ನೀರು. 55ಕ್ಕಿಂತ ಕೆಳಗೆ ಇಳಿಸಬೇಡಿ, ನಾನು 58 ಇಡುತ್ತೇನೆ. ಟೈಮ್‌ಟೇಬಲ್ ನಿಲ್ಲಿಸಿ, ಒಂದೇ ಉಷ್ಣಾಂಶದಲ್ಲಿ ಹಿಡಿದಿಡುವ 'ಹೋಲ್ಡ್' ಹಾಕಿ. ಹೊರಡುವ ಮುಂಚೆ ಫರ್ನೇಸಿನ ಫಿಲ್ಟರ್ ಬದಲಾಯಿಸಿ. ನೀರಿನ ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನು ಬಿಟ್ಟು ಪೈಪಿನಲ್ಲಿರುವ ನೀರು ಹರಿಸಿಬಿಡಿ. ವೈಫೈ ರೌಟರ್ ಮಾತ್ರ ಆಫ್ ಮಾಡಬೇಡಿ. 50ಕ್ಕೆ ಇಳಿದರೆ ಫೋನಿಗೆ ಮೆಸೇಜ್ ಬರುವ ಹಾಗೆ ಆ್ಯಪಿನಲ್ಲಿ ಇಟ್ಟುಕೊಳ್ಳಿ. ಆದರೆ ಕರೆಂಟೇ ಹೋದರೆ ಮೆಸೇಜೂ ಬರುವುದಿಲ್ಲ, ಬರೀ 'ಆಫ್‌ಲೈನ್' ಅಂತ ಕಾಣುತ್ತದೆ. ಹಾಗಾಗಿ ದಿನಕ್ಕೊಮ್ಮೆ ನೀವೇ ತೆರೆದು ನೋಡಿ. ಬೆಂಗಳೂರಿನಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ಇಲ್ಲಿ ಹಿಂದಿನ ರಾತ್ರಿ ಹತ್ತೂವರೆ, ಪಕ್ಕದ ಮನೆಯವರನ್ನು ಎಬ್ಬಿಸುವ ಹೊತ್ತಲ್ಲ. ಕಾಫಿಗೆ ಮುಂಚೆ, ಏಳು ಗಂಟೆಗೇ ನೋಡಿಬಿಡಿ. ಒಂದು ಬೀಗದ ಕೈಯನ್ನು ಪಕ್ಕದ ಮನೆಯವರ ಹತ್ತಿರ ಕೊಟ್ಟು ಹೋಗಿ, ಫರ್ನೇಸ್ ಸ್ವಿಚ್ ಎಲ್ಲಿದೆ ಅಂತಲೂ ತೋರಿಸಿಟ್ಟಿರಿ.