ಎದೆನೋವಿಲ್ಲದೆಯೂ ಹೃದಯಾಘಾತ ಆಗಬಹುದೇ? ಆದರೆ ಚಿಕಿತ್ಸೆ ಏನು?
ಆಗಬಹುದು. ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕೊರೊನರಿ ಅಪಧಮನಿಯ ಒಳಗೋಡೆಯಲ್ಲಿ ವರ್ಷಗಳಿಂದ ಶೇಖರಗೊಂಡ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ, ಆ ಭಾಗದ ಸ್ನಾಯು ಆಮ್ಲಜನಕವಿಲ್ಲದೆ ಸಾಯತೊಡಗುತ್ತದೆ. ಹೃದಯಾಘಾತವೆಂದರೆ ಸಾಮಾನ್ಯವಾಗಿ ಇದೇ. ಎದೆಯ ನಡುವೆ ಭಾರ ಹೇರಿದಂತಹ ಒತ್ತಡ, ತೋಳು, ದವಡೆ ಅಥವಾ ಬೆನ್ನಿಗೆ ಹರಡುವ ನೋವು ಮತ್ತು ತಣ್ಣನೆಯ ಬೆವರು ಹೆಚ್ಚಿನವರಲ್ಲಿ ಕಾಣುವ ಲಕ್ಷಣಗಳು. ಆದರೆ ಮಧುಮೇಹಿಗಳು, ವೃದ್ಧರು ಹಾಗೂ ಮಹಿಳೆಯರಲ್ಲಿ ಕೆಲವೊಮ್ಮೆ ಉಸಿರಾಟದ ತೊಂದರೆ, ವಾಕರಿಕೆ, ಕಾರಣವಿಲ್ಲದ ಸುಸ್ತು ಮಾತ್ರ ಇರುವುದರಿಂದ, ‘ಗ್ಯಾಸ್ ಇರಬೇಕು’ ಎಂದು ಕಾಯುತ್ತ ಕೂರುವುದೇ, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ದೊಡ್ಡ ಅಪಾಯ. ಕೂಡಲೇ ಆಂಬುಲೆನ್ಸ್ ಕರೆಸಬೇಕು.

ಇಸಿಜಿ ಮತ್ತು ರಕ್ತದ ಟ್ರೋಪೊನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಪರೀಕ್ಷೆಗಳಿಂದ ರೋಗ ಪತ್ತೆಯಾಗುತ್ತದೆ. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಆಘಾತವಾಗಿಲ್ಲವೆಂದು ಹೇಳಲಾಗದು. ರಕ್ತನಾಳ ಪೂರ್ತಿ ಮುಚ್ಚಿದ್ದರೆ ಆಂಜಿಯೋಪ್ಲಾಸ್ಟಿ (ಬಲೂನಿನಿಂದ ನಾಳವನ್ನು ಹಿಗ್ಗಿಸುವ ಚಿಕಿತ್ಸೆ) ಮಾಡಿ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಅಳವಡಿಸುವುದು ಉತ್ತಮ. 120 ನಿಮಿಷಗಳೊಳಗೆ ಅದು ಸಾಧ್ಯವಿಲ್ಲವೆಂದು ಕಂಡರೆ, ರಕ್ತಸ್ರಾವದ ಅಪಾಯ ಹೆಚ್ಚಿಲ್ಲದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುತ್ತಾರೆ.

ಸತ್ತ ಸ್ನಾಯು ಮರಳಿ ಬೆಳೆಯದೆ ಕೆಲವು ವಾರಗಳಲ್ಲಿ ಗಟ್ಟಿ ಕಲೆಯಾಗಿ ಉಳಿಯುತ್ತದೆ. ಆದ್ದರಿಂದ ನಡಿಗೆಯನ್ನು ವೈದ್ಯರ ಸಲಹೆಯಂತೆ ಹಂತಹಂತವಾಗಿ ಹೆಚ್ಚಿಸಬೇಕು, ಧೂಮಪಾನವನ್ನು ಪೂರ್ತಿ ಬಿಡಬೇಕು. ಚೇತರಿಸಿಕೊಂಡೆವೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್‌ನೊಳಗೇ ಮತ್ತೆ ಹೆಪ್ಪುಗಟ್ಟಬಹುದು.