ನಿಧಾನ ಬೀಸಿದರೂ ಚೆಂಡು ಬಲಕ್ಕೇ ಹೋಗುತ್ತದೆ, ಯಾಕೆ?

ಪ್ರಶ್ನೆ: ಪಿಲಿಕುಳದಲ್ಲಿ ರಜೆಯ ದಿನ ಗಾಲ್ಫ್ ಆಡುತ್ತೇನೆ. ಜೊತೆಯವರೆಲ್ಲ ‘ಮಾರಾಯಾ, ಸ್ವಲ್ಪ ನಿಧಾನ ಬೀಸು’ ಅಂತಾರೆ. ಹಾಗೇ ಮಾಡಿದೆ. ಆದರೂ ಡ್ರೈವರ್ (ದೂರ ಹೊಡೆಯುವ ಉದ್ದನೆಯ ಕ್ಲಬ್) ಹಿಡಿದರೆ ಚೆಂಡು ಬಲಕ್ಕೆ ತಿರುಗಿ ಪೊದೆ ಸೇರುತ್ತದೆ. ಶಾಫ್ಟ್ (ಕ್ಲಬ್ಬಿನ ಕೋಲು) ಬದಲಾಯಿಸಬೇಕಾ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಶಾಫ್ಟಿಗೆ ಈಗಲೇ ದುಡ್ಡು ಹಾಕಬೇಡಿ. ನೀವು ಬಲಗೈ ಆಟಗಾರರು ಅಂದುಕೊಂಡು ಹೇಳುತ್ತೇನೆ. ‘ನಿಧಾನ ಬೀಸು’ ಅನ್ನುವ ಸಲಹೆಯೇ ನನಗೆ ಹಿಡಿಸುವುದಿಲ್ಲ. ಅದನ್ನು ಕೇಳಿದವರು ಕ್ಲಬ್ ಎತ್ತುವುದನ್ನು ಮಾತ್ರ ನಿಧಾನ ಮಾಡುತ್ತಾರೆ, ಮೇಲೆ ಹೋದ ಮೇಲೆ ಬಲ ಸಾಲದು ಅನ್ನಿಸಿ ಭುಜದಿಂದ ಒಮ್ಮೆಲೇ ಎಳೆಯುತ್ತಾರೆ. ಆಗ ಕ್ಲಬ್ ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆ ಕಡೆಯಿಂದ ನಿಮ್ಮ ಕಡೆಗೆ ಬರುತ್ತದೆ. ಫೇಸ್ (ಚೆಂಡಿಗೆ ತಾಗುವ ಕ್ಲಬ್ಬಿನ ಮುಖ) ಆ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಸ್ಲೈಸ್, ಅಂದರೆ ಹೀಗೆ ಚೆಂಡು ಬಲಕ್ಕೆ ತಿರುಗುವುದು, ಆಗದೆ ಇನ್ನೇನು?

ಅಮೆರಿಕದ ಗಾಲ್ಫ್ ಲೇಖಕ ಜಾನ್ ನೊವೊಸೆಲ್ ವೃತ್ತಿಪರ ಆಟಗಾರರ ವಿಡಿಯೊಗಳನ್ನು ಫ್ರೇಮ್ ಫ್ರೇಮ್ ಎಣಿಸಿ ನೋಡಿದರು. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ ಒಬ್ಬರದು 21–7 (ಕ್ಲಬ್ ಎತ್ತಲು 21 ಫ್ರೇಮ್, ಚೆಂಡಿಗೆ ತರಲು 7), ಇನ್ನೊಬ್ಬರದು 24–8, ಮತ್ತೊಬ್ಬರದು 27–9. ವೇಗ ಬೇರೆ ಬೇರೆ, ಆದರೆ ಮೇಲೆ ಹೋಗಲು ಮೂರು ಪಾಲು, ಚೆಂಡಿಗೆ ಬರಲು ಒಂದು ಪಾಲು. 24–8 ಅಂದರೆ ಎಲ್ಲ ಸೇರಿ ಒಂದು ಸೆಕೆಂಡಿಗಿಂತ ತುಸು ಜಾಸ್ತಿ, ಅಷ್ಟೇ. ಇದನ್ನು ನಿಧಾನ ಅನ್ನಲಾದೀತಾ? ನಿಮ್ಮದನ್ನೂ ಮೊಬೈಲಿನಲ್ಲಿ ಹಿಡಿದು ಎಣಿಸಿ, ಮೇಲೆ ಹೋಗುವ ಲೆಕ್ಕ ತುಂಬಾ ಜಾಸ್ತಿ ಬಂದರೆ ಆಶ್ಚರ್ಯವಿಲ್ಲ.

ನಮ್ಮೂರಲ್ಲಿ ತಾಳ ಕೇಳದೆ ಬೆಳೆದವರು ಯಾರಿದ್ದಾರೆ? ‘ತ-ಕ-ಧಿ-ಮಿ-ತ’ ಎಂದು ಸಮನಾಗಿ, ಬೇಗ ಬೇಗ ಹೇಳಿ. ಮೊದಲ ‘ತ’ಕ್ಕೆ ಕ್ಲಬ್ ಹೊರಡಲಿ, ‘ಮಿ’ಗೆ ಮೇಲಿನ ತುದಿ ಮುಟ್ಟಲಿ, ಕೊನೆಯ ‘ತ’ಕ್ಕೆ ಚೆಂಡಿಗೆ ಬಡಿಯಲಿ. ಮೂರಕ್ಕೆ ಒಂದು ಸರಿಯಾಗಿ ಬರುತ್ತದೆ. ಮಳೆಗಾಲದಲ್ಲಿ ಚೆಂಡಿಲ್ಲದೆ ಜಗಲಿಯಲ್ಲೂ ಮಾಡಬಹುದು (ಮೇಲೆ ಫ್ಯಾನ್ ಇದೆಯಾ ನೋಡಿಕೊಳ್ಳಿ!).

ಇನ್ನು ಟ್ರಾನ್ಸಿಷನ್, ಅಂದರೆ ಹಿಂದಕ್ಕೆ ಹೋದದ್ದು ಮುಂದಕ್ಕೆ ತಿರುಗುವ ಗಳಿಗೆ. ಕ್ಲಬ್ ತುದಿ ಮುಟ್ಟಿದ ಮೇಲೆ ಅದು ಶುರುವಾಗುವುದಲ್ಲ. ಕೈ ಇನ್ನೂ ಮೇಲೆ ಹೋಗುತ್ತಿರುವಾಗಲೇ ಎಡಗಾಲಿನ ಮೇಲೆ ಭಾರ ಬೀಳಬೇಕು, ಸೊಂಟ ತಿರುಗಲು ಶುರುವಾಗಬೇಕು, ಕೈ ಆಮೇಲೆ ತಾನಾಗಿ ಬರುತ್ತದೆ. ಇದನ್ನು ಬರೀ ಯೋಚಿಸಿ ಕಲಿಯಲಾಗುವುದಿಲ್ಲ. 7 ಐರನ್ (ಡ್ರೈವರ್‌ಗಿಂತ ಗಿಡ್ಡ ಕ್ಲಬ್) ತೆಗೆದುಕೊಂಡು ಎರಡೂ ಪಾದ ಜೋಡಿಸಿ ನಿಲ್ಲಿ, ಕ್ಲಬ್ ಎತ್ತುತ್ತಾ ಎತ್ತುತ್ತಾ ‘ಧಿ’ ಬರುವಷ್ಟರಲ್ಲಿ ಎಡಗಾಲನ್ನು ಗುರಿಯ ಕಡೆಗೆ ಒಂದು ಹೆಜ್ಜೆ ಇಡಿ, ಆಮೇಲೆ ಬೀಸಿ. ಮೊದಲು ಚೆಂಡಿಲ್ಲದೆ, ಆಮೇಲೆ ಅರ್ಧ ಬಲದಲ್ಲಿ. ಡ್ರೈವರ್ ಸದ್ಯಕ್ಕೆ ಬ್ಯಾಗಿನಲ್ಲೇ ಇರಲಿ.

ಇಷ್ಟಾದ ಮೇಲೂ ಚೆಂಡು ಬಲಕ್ಕೇ ಹೋದರೆ ಹಿಡಿತವನ್ನು ಕೋಚಿಗೆ ತೋರಿಸಿ. ಶಾಫ್ಟ್ ವಿಷಯ ಆಮೇಲೆ.